ಬೆಲ್ಲ ಬೊಗಳುವ ಮಲ್ಲೇಶ್ವರ

ಮಲ್ಲೇಶ್ವರದಲ್ಲಿ ಬೆಳಕಿಗಿಂತ ಮೊದಲು ಸದ್ದು ಬರುತ್ತದೆ. ಐದೂವರೆಗೆ ರೈಲ್ವೆ ಸ್ಟೇಷನ್ ಕಡೆಯಿಂದ ಹಾರ್ನ್. ಆಮೇಲೆ ಹಾಲಿನ ಸ್ಕೂಟರ್, ಪೇಪರ್ ಬಂದು ಬಾಗಿಲಿಗೆ ಬೀಳುವ ಟಪ್. ಆರೂವರೆಗೆ ಒಬ್ಬರ ಮನೆಯ ಸುಪ್ರಭಾತ, ಇನ್ನೊಬ್ಬರ ಮನೆಯ ಕುಕ್ಕರ್. ಏಳಕ್ಕೆ ಸೀಟಿ ಊದಿಕೊಂಡು ಬರುವ ಕಸದ ಆಟೊ. ಅದರ ಹಿಂದೆಯೇ ‘ಸೊಪ್ಪೂ...’ ಅಂತ ರಾಗ ಎಳೆಯುವ ಗಾಡಿಯಮ್ಮ. ಎಂಟಕ್ಕೆ ಸ್ಕೂಲ್ ವ್ಯಾನ್.

ಮೂರು ವರ್ಷದಿಂದ ಇಲ್ಲೇ ಬಾಡಿಗೆಗಿದ್ದೇವೆ. ಆದರೂ ನಮ್ಮ ಬೀದಿಯಲ್ಲಿ ಇಷ್ಟೊಂದು ಸದ್ದಿದೆ ಅಂತ ಗೊತ್ತಾಗಿದ್ದು ಕಳೆದ ನವೆಂಬರ್‌ನಲ್ಲಿ, ಬೆಲ್ಲ ಮನೆಗೆ ಬಂದ ಮೇಲೆ. ಯಾಕೆಂದರೆ ಈ ಪಟ್ಟಿಯಲ್ಲಿರುವ ಪ್ರತಿಯೊಂದಕ್ಕೂ ಬೆಲ್ಲ ಬೊಗಳುತ್ತಿದ್ದಳು. ಒಂದೆರಡು ಸಲ ಅಲ್ಲ, ಉಸಿರು ಕಟ್ಟುವವರೆಗೆ.

ಬೆಲ್ಲ ಎರಡು ವರ್ಷದ ಇಂಡಿ. ನಮ್ಮ ಬೀದಿ ನಾಯಿಗಳದ್ದೇ ತಳಿ, ಅಚ್ಚುಬೆಲ್ಲದ ಬಣ್ಣ, ಸಂತಾನಹರಣ ಚಿಕಿತ್ಸೆಯ ಗುರುತಾಗಿ ಕಿವಿಯ ತುದಿಯಲ್ಲಿ ಕತ್ತರಿಸಿದ ಕಚ್ಚು. ನಮಗಿಂತ ಮೊದಲು ಎರಡು ಮನೆಯವರು ಅವಳನ್ನು ಕರೆದುಕೊಂಡು ಹೋಗಿ ‘ತುಂಬಾ ಬೊಗಳುತ್ತೆ’ ಅಂತ ವಾಪಸ್ ಬಿಟ್ಟಿದ್ದರು. ಆಶ್ರಯದ ಹುಡುಗಿ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವಾಗ ಮೆಲ್ಲಗೆ ಹೇಳಿದಳು, “ಮೂರನೇ ಸಲಾನೂ ವಾಪಸ್ ಬಂದ್ರೆ ಇವಳನ್ನ ಇನ್ಯಾರೂ ಕೇಳಲ್ಲ ಮೇಡಂ.”

ನಾವಿರುವುದು ಮೊದಲ ಮಹಡಿ, ಕೆಳಗೆ ಓನರ್ ಅಂಕಲ್. ಬೆಲ್ಲ ಬಂದ ಮೂರನೇ ವಾರ ಅವರು ಮೆಟ್ಟಿಲು ಹತ್ತಿ ಬಂದರು. “ನೋಡಮ್ಮಾ, ನಾಯಿ ಬೇಡ ಅಂತ ನಾನು ಹೇಳಲ್ಲ. ಆದ್ರೆ ಎದುರು ಮನೆ ಹುಡುಗಿ ಸೆಕೆಂಡ್ ಪಿಯು. ಮಾರ್ಚ್‌ಗೆ ಎಕ್ಸಾಮು. ರಾತ್ರಿ ಹನ್ನೊಂದರವರೆಗೆ ಓದ್ತಾ ಕೂತಿರುತ್ತೆ ಮಗು. ಜನವರಿ ಕೊನೆವರೆಗೂ ನೋಡೋಣ. ಆಮೇಲೆ ನೀವೇ ಯೋಚನೆ ಮಾಡಿ.”

ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಸಾಕುನಾಯಿಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಬೊಗಳುತ್ತದೆ ಎಂಬ ಕಾರಣಕ್ಕೆ ನಿವಾಸಿಗಳ ಸಂಘಗಳು ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ ಅಂತ ಅದರಲ್ಲಿದೆ. ನಾಯಿಯನ್ನು, ಅದರಲ್ಲೂ ರಾತ್ರಿ ಹೊತ್ತು, ಸುಮ್ಮನಿರಿಸಲು ಸಾಕಿದವರು ಪ್ರಯತ್ನ ಮಾಡಬೇಕು ಅಂತಲೂ ಇದೆ. ಮೊದಲ ಸಾಲನ್ನು ಅಂಕಲ್‌ಗೆ ತೋರಿಸಬಹುದಿತ್ತು. ಆದರೆ ಕಿಟಕಿ ಮುಚ್ಚಿಕೊಂಡು ಓದುತ್ತಿರುವ ಎದುರು ಮನೆ ಹುಡುಗಿಗೆ ಆ ಸಾಲು ಏನು ಉತ್ತರ ಕೊಡುತ್ತದೆ? ನಮಗೆ ಬೇಕಾಗಿದ್ದದ್ದು ಎರಡನೇ ಸಾಲು.

ಮೊದಲು ಲಾಗ್

ಸಾಫ್ಟ್‌ವೇರ್‌ನಲ್ಲಿ ಒಂದು ಮಾತಿದೆ: ಲಾಗ್ ನೋಡದೆ ಬಗ್ ಹುಡುಕಬೇಡ. ಒಂದು ಶೀಟ್ ಮಾಡಿದೆ. ಎಷ್ಟು ಗಂಟೆ, ಯಾವ ಸದ್ದು ಅಥವಾ ಯಾವ ನೋಟ, ಎಷ್ಟು ದೂರ, ಎಷ್ಟು ಹೊತ್ತು ಬೊಗಳಿದಳು. ಇಷ್ಟೇ. ಜೊತೆಗೆ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ ಕಿವಿ, ಹಲ್ಲು, ಕೀಲು ಎಲ್ಲ ತೋರಿಸಿಕೊಂಡು ಬಂದೆವು. ನೋವಿದ್ದರೂ ನಾಯಿ ಬೊಗಳುತ್ತದೆ. ನೋವಿಗೆ ತರಬೇತಿ ಕೊಡಲಾಗುವುದಿಲ್ಲ.

ಡಿಸೆಂಬರ್ ಮೊದಲ ವಾರದ ಲೆಕ್ಕ: ದಿನಕ್ಕೆ ಸರಾಸರಿ 46 ಸಲ. ಆದರೆ ಶೀಟನ್ನು ವಿಂಗಡಿಸಿ ನೋಡಿದಾಗ 46 ಸಮಸ್ಯೆಗಳೇನೂ ಇರಲಿಲ್ಲ, ನಾಲ್ಕೇ ಇದ್ದವು. ಬಾಲ್ಕನಿಯಿಂದ ಕಾಣುವ ಜನ. ಕಾಣದೆ ಬರೀ ಕೇಳಿಸುವ ಸದ್ದು. ಮನೆಯಲ್ಲಿ ಒಂಟಿಯಾಗಿ ಬಿಟ್ಟು ಹೋಗುವುದು. ಬೀದಿಯಲ್ಲಿ ಎದುರಾಗುವ ಬೇರೆ ನಾಯಿ. ಕಿವಿಗೆ ನಾಲ್ಕೂ ಒಂದೇ ‘ಬೌ ಬೌ’. ಆದರೆ ಒಂದೊಂದರ ಹಿಂದಿನ ಕಾರಣ ಬೇರೆ, ಹಾಗಾಗಿ ಮದ್ದೂ ಬೇರೆ.

ಬಿದಿರಿನ ತಟ್ಟಿ

ಬಾಲ್ಕನಿ ಲೆಕ್ಕ ಸುಲಭ. ಕೊರಿಯರ್ ಹುಡುಗ ಬರುತ್ತಾನೆ, ಬೆಲ್ಲ ಬೊಗಳುತ್ತಾಳೆ, ಹುಡುಗ ಹೋಗುತ್ತಾನೆ. ಅವನು ಹೇಗಿದ್ದರೂ ಹೋಗುವವನೇ. ಆದರೆ ಬೆಲ್ಲಳ ಪಾಲಿಗೆ ಅದು ಗೆಲುವು. ದಿನಕ್ಕೆ ಇಪ್ಪತ್ತು ಸಲ, ನೂರಕ್ಕೆ ನೂರು ಯಶಸ್ಸು. ಹೀಗೆ ಗೆಲ್ಲುತ್ತಿರುವ ಕೆಲಸವನ್ನು ಯಾರು ತಾನೇ ಬಿಡುತ್ತಾರೆ? ಅವಳಿಗೆ ಆ ಆಟವೇ ಸಿಗದ ಹಾಗೆ ಮಾಡಬೇಕಿತ್ತು. ಬಿದಿರಿನ ತಟ್ಟಿ ತಂದು ಬಾಲ್ಕನಿ ಕಂಬಿಗೆ ಮೂರಡಿ ಎತ್ತರಕ್ಕೆ ಕಟ್ಟಿದೆವು.

ಕಾಡು ಮಲ್ಲೇಶ್ವರ ದೇವಸ್ಥಾನಕ್ಕೆ ದತ್ತಿ ಬಿಟ್ಟ ವಿಷಯ ಹೇಳುವ 1669ರ ಶಾಸನವೊಂದಿದೆ. ದತ್ತಿ ಬಿಟ್ಟವನು ಶಿವಾಜಿಯ ತಮ್ಮ ಏಕೋಜಿ. ಆ ಶಾಸನದಲ್ಲಿ ಬರುವ ಊರಿನ ಹೆಸರು ಮೇದರನಿಂಗನಹಳ್ಳಿ. ಮೇದರು ಅಂದರೆ ಬಿದಿರು ಹೆಣೆಯುವವರು. ಮಲ್ಲೇಶ್ವರ ಎದ್ದಿರುವುದು ಆ ಹಳ್ಳಿಯ ನೆಲದ ಮೇಲೆ ಅಂತ ತಟ್ಟಿ ಕಟ್ಟುವಾಗ ಓನರ್ ಅಂಕಲ್ಲೇ ಕೆಳಗಿನಿಂದ ತಲೆಯೆತ್ತಿ ಹೇಳಿದ್ದು. ಬಾಲ್ಕನಿ ಬೊಗಳು ಒಂದೇ ವಾರದಲ್ಲಿ ಅರ್ಧಕ್ಕರ್ಧ ಇಳಿಯಿತು. ಇದಕ್ಕೆ ತರಬೇತಿಯೇ ಬೇಕಾಗಲಿಲ್ಲ.

ಒಂದೇ ಮಾತು: ಸಾಕು

ತರಬೇತಿ ಬೇಕಾಗಿದ್ದು ಸದ್ದಿಗೆ. ಮನುಷ್ಯರಿಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ ಕೇಳಿಸುತ್ತದೆ, ನಾಯಿಗೆ ಸುಮಾರು 45,000ದವರೆಗೆ. ನಮಗೆ ನಿಶ್ಶಬ್ದ ಅನಿಸುವ ಮನೆ ಅವಳಿಗೆ ನಿಶ್ಶಬ್ದ ಆಗಿರಬೇಕಿಲ್ಲ.

ನಾಯಿ ಬೊಗಳಿದಾಗ ನಾವು ಜೋರಾಗಿ ‘ಏಯ್!’ ಅಂದರೆ, ಮನೆಯವರೂ ಜೊತೆಗೆ ಬೊಗಳುತ್ತಿದ್ದಾರೆ ಅನ್ನುವ ಹಾಗಾಗುತ್ತದೆ. ನನ್ನ ಗಂಡ ‘ಸುಮ್ನಿರು’, ಕೆಲಸಕ್ಕೆ ಬರುವ ಅಕ್ಕ ‘ಹಚಾ’, ನಾನು ‘ಶ್ಶ್’. ಮೂರು ಮಾತಿನಲ್ಲಿ ಯಾವುದನ್ನು ಕೇಳಬೇಕು ಪಾಪ? ಎಲ್ಲರೂ ಸೇರಿ ಒಂದು ಪದ ಆರಿಸಿದೆವು: ‘ಸಾಕು’.

ಕಲಿಸುವ ಕ್ರಮ ಇಷ್ಟು. ಬೊಗಳು ಶುರುವಾದಾಗ ಬೇಯಿಸಿದ ಚಿಕನ್ನಿನ ಚೂರನ್ನು ಮೂಗಿನ ಹತ್ತಿರ ಹಿಡಿಯುವುದು. ಮೂಸುವಾಗ ನಾಯಿಗೆ ಬೊಗಳಲು ಆಗುವುದಿಲ್ಲ. ಎರಡು ಸೆಕೆಂಡ್ ಮೌನ ಸಿಕ್ಕ ಕೂಡಲೇ ಮಾಮೂಲಿ ದನಿಯಲ್ಲಿ ‘ಸಾಕು’ ಅಂದು ಚೂರು ಕೊಡುವುದು. ಕೊಡುವುದು ತಡವಾದರೆ ಯಾವುದಕ್ಕೆ ಕೊಟ್ಟರು ಅಂತ ಅದಕ್ಕೆ ತಿಳಿಯುವುದಿಲ್ಲ. ಮುಂದಿನ ದಿನಗಳಲ್ಲಿ ಎರಡು ಸೆಕೆಂಡ್ ಐದಾಗುತ್ತದೆ, ಹತ್ತಾಗುತ್ತದೆ, ಅರ್ಧ ನಿಮಿಷವಾಗುತ್ತದೆ. ಆಮೇಲೆ ಚೂರು ತೋರಿಸದೆಯೇ ಪದ ಹೇಳಿ, ಸುಮ್ಮನಾದ ಮೇಲೆ ಕೊಡುವುದು. ಚೂರು ಕಡಲೆಕಾಳಿನಷ್ಟಿದ್ದರೆ ಸಾಕು. ಚಿಕನ್ ತರದ ಮನೆಯಲ್ಲಿ ಉಪ್ಪಿಲ್ಲದ ಪನೀರ್, ಬೇಯಿಸಿದ ಗೆಣಸು ನಡೆಯುತ್ತದೆ. ದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ಮಾತ್ರ ಬೇಡ. ಅವು ನಾಯಿಗೆ ವಿಷ.

ಇದರ ಒಂದು ಅಡ್ಡ ಪರಿಣಾಮವೂ ಆಯಿತು. ಊಟಕ್ಕೆ ಕೂತಾಗ ನನ್ನ ಗಂಡ ಸಾರು ಬಡಿಸಿಕೊಳ್ಳುತ್ತಾ “ಸಾಕು ಸಾಕು” ಅಂದರೆ ಬೆಲ್ಲ ಎಲ್ಲಿದ್ದರೂ ಓಡಿಬಂದು ಎದುರಿಗೆ ನೆಟ್ಟಗೆ ಕೂರುತ್ತಾಳೆ.

ಕುಕ್ಕರ್ ಸೀಟಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಅವಳು ಊಟ ಮಾಡುವಾಗ ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕುವುದು, ಅವಳು ಕಿವಿ ನಿಮಿರಿಸದಿದ್ದರೆ ಮಾರನೇ ದಿನ ಒಂದು ಗೀಟು ಜಾಸ್ತಿ. ಕಸದ ಆಟೊಗೆ ಮಾತ್ರ ರೆಕಾರ್ಡಿಂಗ್ ಸಾಲಲಿಲ್ಲ. ಏಳಕ್ಕೆ ಹತ್ತು ನಿಮಿಷ ಮೊದಲೇ ಕೆಳಗಿಳಿದು ಬೀದಿಯ ಕೊನೆಯಲ್ಲಿ ನಿಲ್ಲುತ್ತಿದ್ದೆವು. ಆಟೊ ದೂರದಲ್ಲಿ ಕಂಡರೆ ಚೂರು, ಸೀಟಿ ಕೇಳಿದರೆ ಚೂರು. ಆಟೊದ ಪೌರಕಾರ್ಮಿಕ ಅಕ್ಕನಿಗೆ ವಿಷಯ ಗೊತ್ತಾದ ಮೇಲೆ ನಮ್ಮ ಹತ್ತಿರ ಬರುವಾಗ ಸೀಟಿಯನ್ನು ಮೆಲ್ಲಗೆ ಊದುತ್ತಿದ್ದರು. ದಾಟಿ ಹೋಗುವಾಗ ದಿನಾ ಒಂದೇ ಪ್ರಶ್ನೆ: “ಏನ್ ಮೇಡಂ, ಇವತ್ತು ಪಾಸಾ, ಫೇಲಾ?”

ಹಿಂಬದಿ ಓಣಿಗಳು

ಬೇರೆ ನಾಯಿಗಳ ವಿಷಯ ಕಷ್ಟದ್ದು. ಮಲ್ಲೇಶ್ವರದಲ್ಲಿ ಪ್ರತಿ ಕ್ರಾಸ್‌ಗೂ ಅದರದ್ದೇ ಬೀದಿ ನಾಯಿಗಳಿವೆ. ಒಂದು ಕ್ರಾಸ್ ದಾಟಿದರೆ ಇನ್ನೊಂದು ಗುಂಪಿನ ಎಲ್ಲೆ. ಸಂಪಿಗೆ ರಸ್ತೆಯ ಟ್ರಾಫಿಕ್ ನಡುವೆ, ಕಿರಿದಾದ ಫುಟ್‌ಪಾತಿನ ಮೇಲೆ ಎದುರಿಗೊಂದು ನಾಯಿ ದಿಢೀರ್ ಅಂತ ಬಂದರೆ ಕಲಿಸಲು ಜಾಗವಾಗಲಿ ಸಮಯವಾಗಲಿ ಎಲ್ಲಿರುತ್ತದೆ?

ಇಲ್ಲಿ ನಮ್ಮ ಕೈ ಹಿಡಿದದ್ದು ಬಡಾವಣೆಯ ಹಳೇ ನಕ್ಷೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಕಿಕ್ಕಿರಿದ ಪೇಟೆಯಿಂದ ಜನ ಹೊರಗೆ ಬರಬೇಕಾಯಿತು. ಗಾಳಿ ಬೆಳಕು ಧಾರಾಳವಾಗಿರುವ ಹೊಸ ಬಡಾವಣೆಗಳು ಬೇಕು ಅಂತ ಮಲ್ಲೇಶ್ವರ, ಬಸವನಗುಡಿ ಹುಟ್ಟಿದವು. ನೇರವಾದ ಮೇನ್‌ಗಳು, ಅವನ್ನು ಕತ್ತರಿಸುವ ಕ್ರಾಸ್‌ಗಳು, ಮನೆ ಸಾಲುಗಳ ಬೆನ್ನಿಗೆ ಕಿರಿದಾದ ಕನ್ಸರ್ವೆನ್ಸಿ ಓಣಿಗಳು. ಒಳಚರಂಡಿ ಇಲ್ಲದ ಕಾಲದಲ್ಲಿ ಮಲ ಹೊರುವವರು ಮನೆಗಳ ಹಿಂದಿನಿಂದ ಬಂದು ಹೋಗಲು ಮಾಡಿದ ದಾರಿ ಅದು. ಆ ಕೆಲಸ ಮಾಡುತ್ತಿದ್ದವರು ಎದುರು ರಸ್ತೆಯಲ್ಲಿ ಕಾಣಬಾರದು ಅನ್ನುವ ವ್ಯವಸ್ಥೆಯೂ ಹೌದು. ಈಗ ಕೆಲವು ಓಣಿಗಳಲ್ಲಿ ಕಸ, ಗುಜರಿ ತುಂಬಿದೆ. ಇನ್ನು ಕೆಲವನ್ನು ಈಚಿನ ವರ್ಷಗಳಲ್ಲಿ ಶುಚಿ ಮಾಡಿ, ಗೋಡೆಗೆ ಚಿತ್ರ ಬರೆದು, ನಡೆದಾಡುವವರಿಗೆ ಬಿಟ್ಟಿದ್ದಾರೆ.

ನಾಯಿಗೆ ಕಲಿಸಲು ಇದಕ್ಕಿಂತ ಒಳ್ಳೆ ಜಾಗ ನನಗೆ ಸಿಕ್ಕಿಲ್ಲ. ಕಾರಿಲ್ಲ, ಹಾರ್ನ್ ಇಲ್ಲ. ಓಣಿ ನೇರವಾಗಿರುವುದರಿಂದ ಆ ತುದಿಯಲ್ಲಿ ನಾಯಿ ಮಲಗಿದ್ದರೆ ಈ ತುದಿಯಿಂದಲೇ ಕಾಣುತ್ತದೆ. ಇಂಥ ತರಬೇತಿಯ ಗುಟ್ಟೆಲ್ಲ ಅಂತರದಲ್ಲಿದೆ. ಬೇರೆ ನಾಯಿ ಕಾಣಬೇಕು, ಆದರೆ ಬೊಗಳುವಷ್ಟು ಹತ್ತಿರ ಇರಬಾರದು. ಬೆಲ್ಲಳಿಗೆ ಮೊದಲು ಆ ಅಂತರ 80 ಅಡಿ. ಅಲ್ಲಿ ನಿಂತು, ಅವಳು ಆ ಕಡೆ ನೋಡಿದಾಗೆಲ್ಲ ಚೂರು. ಆರಾಮಾಗಿದ್ದರೆ ನಾಲ್ಕು ಹೆಜ್ಜೆ ಮುಂದೆ. ಮೈ ಬಿಗಿಯಾಗಿ, ಬಾಯಿ ಮುಚ್ಚಿ, ಕಣ್ಣು ನೆಟ್ಟರೆ ಬೊಗಳುವ ಮೊದಲೇ ತಿರುಗಿ ವಾಪಸ್. ಆರು ವಾರದಲ್ಲಿ 80 ಅಡಿ 15ಕ್ಕೆ ಇಳಿಯಿತು.

ಉಳಿದ ಸಮಯದಲ್ಲಿ ಅವಳಿಗೆ ಮೂಸಲು ಬಿಡುತ್ತಿದ್ದೆ. ಒಂದು ಕಂಬಕ್ಕೆ ಎರಡು ನಿಮಿಷ ಬೇಕೆಂದರೆ ಎರಡು ನಿಮಿಷ. ಅರ್ಧ ಗಂಟೆ ಓಡಿಸಿದ್ದಕ್ಕಿಂತ ಅರ್ಧ ಗಂಟೆ ಮೂಸಲು ಬಿಟ್ಟ ದಿನ ಮನೆಯಲ್ಲಿ ಬೊಗಳು ಕಡಿಮೆ ಅಂತ ಶೀಟ್ ಹೇಳುತ್ತಿತ್ತು. ಅವಳ ಹಿಂದೆ ಹೀಗೆ ನಿಧಾನ ನಡೆದಾಗಲೇ ನಾನು ಈ ಬಡಾವಣೆಯನ್ನು ಸರಿಯಾಗಿ ನೋಡಿದ್ದು. ಮಾರ್ಗೋಸಾ ಅಂದರೆ ಬೇವು, ಮಾರ್ಗೋಸಾ ರಸ್ತೆ ಅಂದರೆ ಬೇವಿನ ರಸ್ತೆ ಅಂತ ನನಗೆ ಹೊಳೆದದ್ದು ಮೂರು ವರ್ಷದ ನಂತರ. ಯಾವ ಮನೆಯ ಕಾಂಪೌಂಡಿನಲ್ಲಿ ಇನ್ನೂ ಬಾವಿ ಇದೆ, ಯಾವ ಹಳೇ ಮನೆಗೆ ಈ ವಾರ ನೀಲಿ ಶೀಟ್ ಹೊದಿಸಿ ಕೆಡವುತ್ತಿದ್ದಾರೆ, ಎಲ್ಲ ಗೊತ್ತು ಈಗ.

ಎಂಟನೇ ಕ್ರಾಸ್ ಮಾರ್ಕೆಟ್ಟಿಗೆ ಸಂಜೆ ಹೋಗುವ ಧೈರ್ಯ ಇರಲಿಲ್ಲ. ಬೆಳಗ್ಗೆ ಬೇಗ, ಹೂವಿನವರು ಬುಟ್ಟಿ ಇಳಿಸುವ ಹೊತ್ತಿಗೆ ಹೋಗುತ್ತಿದ್ದೆವು. ಒಬ್ಬ ಅಜ್ಜಿ ಮೊಗ್ಗು ಕಟ್ಟುತ್ತಾ ಕೇಳಿದರು, “ನಮ್ ಬೀದಿ ನಾಯಿ ಥರಾನೇ ಐತಲ್ಲ, ಇದಕ್ಯಾಕವ್ವ ಹಗ್ಗ?” ನಾನು ಹೇಳಿದೆ, “ಬೀದಿದೇ ಅಜ್ಜಿ. ಈಗ ಮನೆ ಸಿಕ್ಕಿದೆ, ಅಭ್ಯಾಸ ಆಗಬೇಕು.” ಅವರು ಬೆಲ್ಲಳನ್ನು ಮೇಲಿಂದ ಕೆಳಗೆ ನೋಡಿದರು. “ಆಗ್ತದೆ ಬಿಡು. ನಾನೂ ಹಳ್ಳಿಯಿಂದ ಬಂದ ಹೊಸದರಲ್ಲಿ ಎಲ್ಲರ ಮೇಲೂ ಕೂಗಾಡ್ತಿದ್ದೆ.”

ದೋಸೆಯ ಲೆಕ್ಕದಲ್ಲಿ ಸಮಯ

ನಾವಿಬ್ಬರೂ ಆಫೀಸಿಗೆ ಹೋಗುವ ದಿನ ವಾರಕ್ಕೆ ಒಂದು ಬರುತ್ತದೆ. ಹಳೇ ಫೋನನ್ನು ಕ್ಯಾಮೆರಾ ಮಾಡಿ ಇಟ್ಟು ನೋಡಿದಾಗ, ಬಾಗಿಲು ಹಾಕಿದ ಮೇಲೆ ಬೆಲ್ಲ 23 ನಿಮಿಷ ಬಿಡದೆ ಬೊಗಳಿದ್ದಳು, ನಡುವೆ ಊಳಿಟ್ಟಿದ್ದಳು. ಇದು ಹಟವಲ್ಲ, ಭಯ. ಎರಡು ಸಲ ಮನೆ ಕಳೆದುಕೊಂಡವಳಿಗೆ ಬಾಗಿಲು ಮುಚ್ಚುವ ಸದ್ದು ಏನು ಹೇಳುತ್ತಿರಬಹುದು?

ಇದಕ್ಕೆ ಅವಸರ ನಡೆಯುವುದಿಲ್ಲ. ಮೊದಲು ಕೀ ಎತ್ತಿಕೊಂಡು ಸೋಫಾ ಮೇಲೆ ಕೂರುವುದು, ಚಪ್ಪಲಿ ಹಾಕಿಕೊಂಡು ಅಡುಗೆಮನೆಗೆ ಹೋಗುವುದು. ಕೀ ಸದ್ದೆಂದರೆ ಬಿಟ್ಟು ಹೋಗುವುದು ಎಂಬ ಗಂಟು ಸಡಿಲವಾಗಬೇಕು. ಆಮೇಲೆ ಹೊರಗೆ. ಗೇಟಿನವರೆಗೆ ಹೋಗಿ ಬರಲು ಅರ್ಧ ನಿಮಿಷ. ಮೂಲೆ ಅಂಗಡಿಯಿಂದ ಕೊತ್ತಂಬರಿ ತರಲು ನಾಲ್ಕು ನಿಮಿಷ. ವೀಣಾ ಸ್ಟೋರ್ಸ್ ಮುಂದೆ ನಿಂತು ಇಡ್ಲಿ ತಿಂದು ಬರಲು 25. ಸಿಟಿಆರ್‌ನಲ್ಲಿ ಬೆಣ್ಣೆ ಮಸಾಲೆ ತಿಂದು ಬರಲು 50, ಅದೂ ಭಾನುವಾರ ಅಲ್ಲದಿದ್ದರೆ. ಅವಳು ಬೊಗಳಲು ಶುರು ಮಾಡುವ ಮೊದಲೇ ವಾಪಸ್ ಬರಬೇಕು, ಅಷ್ಟೇ ನಿಯಮ. ಆ ಎರಡು ತಿಂಗಳು ಆಫೀಸ್ ದಿನಗಳನ್ನು ಇಬ್ಬರೂ ಅದಲು ಬದಲು ಮಾಡಿಕೊಂಡು ಅವಳನ್ನು ದಿನಪೂರ್ತಿ ಒಂಟಿ ಬಿಡದ ಹಾಗೆ ನೋಡಿಕೊಂಡೆವು. ಹೊರಡುವಾಗ ಸ್ಟೀಲ್ ಲೋಟದಲ್ಲಿ ಫ್ರೀಜರಿನಲ್ಲಿಟ್ಟ ಗಟ್ಟಿ ಮೊಸರನ್ನ ಕೊಡುತ್ತಿದ್ದೆ, ಉಪ್ಪು ಒಗ್ಗರಣೆ ಇಲ್ಲದ್ದು. ನೆಕ್ಕುವ ಕೆಲಸ ನಾಯಿಯನ್ನು ಶಾಂತ ಮಾಡುತ್ತದೆ. ನಮ್ಮ ತೂಕ ಮಾತ್ರ ಎರಡೆರಡು ಕಿಲೋ ಏರಿತು.

ಬೊಗಳಿದರೆ ಶಾಕ್ ಕೊಡುವ ಕಾಲರ್ ಹಾಕಿ ಅಂತ ಸಲಹೆ ಕೊಟ್ಟವರೂ ಇದ್ದರು. ಬೇಡ ಅಂದೆವು. ಶಾಕ್‌ನಿಂದ ಬೊಗಳು ನಿಂತರೂ ಭಯ ಒಳಗೇ ಇರುತ್ತದೆ. ಬೊಗಳು ಅಂದರೆ ‘ದೂರ ಇರು’ ಎಂಬ ಎಚ್ಚರಿಕೆ. ಎಚ್ಚರಿಕೆ ಕೊಡುವುದನ್ನೇ ಬಿಡಿಸಿದರೆ, ಹೆದರಿದ ನಾಯಿ ನೇರವಾಗಿ ಕಚ್ಚಬಹುದು.

ಕಬ್ಬನ್ ಪಾರ್ಕಿನ ಪರೀಕ್ಷೆ

ಜನವರಿ ಕೊನೆಯ ಭಾನುವಾರ ಬೆಲ್ಲಳನ್ನು ಆಟೊದಲ್ಲಿ ಕೂರಿಸಿಕೊಂಡು ಕಬ್ಬನ್ ಪಾರ್ಕಿಗೆ ಹೋದೆವು. 1870ರಲ್ಲಿ ಈ ಪಾರ್ಕ್ ಆದಾಗ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದವರು ರಿಚರ್ಡ್ ಸ್ಯಾಂಕಿ. ನಮ್ಮ ಮಲ್ಲೇಶ್ವರದ ಪಕ್ಕದ, 1882ರ ಸ್ಯಾಂಕಿ ಕೆರೆಗೂ ಅವರದೇ ಹೆಸರು. ಹಾಗಾಗಿ ತೀರಾ ಪರಊರಿಗೇನೂ ಹೋಗಲಿಲ್ಲ ಅಂತ ಸಮಾಧಾನ. ಭಾನುವಾರ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ. ಊರಿನ ಎಲ್ಲ ಕಡೆಯಿಂದ ನಾಯಿಗಳು ಬರುತ್ತವೆ: ಲ್ಯಾಬ್ರಡಾರ್, ಹಸ್ಕಿ, ಪಗ್, ಬೆಲ್ಲಳಂಥ ಇಂಡಿಗಳು.

ನಾವು ನಾಯಿಗಳ ಗುಂಪಿನ ಹತ್ತಿರ ಹೋಗಲಿಲ್ಲ. ದೂರದ ಬಿದಿರು ಮೆಳೆಯ ಪಕ್ಕ ಚಾಪೆ ಹಾಸಿ ಕೂತೆವು. ಬಲೂನ್ ಮಾರುವವನಿಗೆ ಒಂದು ಸಲ, ಸ್ಕೇಟಿಂಗ್ ಹುಡುಗರಿಗೆ ಒಂದು ಸಲ, ನಮ್ಮನ್ನೇ ನೋಡುತ್ತಾ ಬಂದ ಹಸ್ಕಿಗೆ ಒಂದು ಸಲ ಬೊಗಳಿದಳು. ಮೂರು ಸಲವೂ ‘ಸಾಕು’ ಅಂದ ಮೇಲೆ ತಿರುಗಿ ನನ್ನ ಮುಖ ನೋಡಿದಳು. ಮುಕ್ಕಾಲು ಗಂಟೆಗೆ ಮೂರು ಸಲ. ಚಾಪೆಯ ಮೇಲೆ ನಿದ್ದೆಯನ್ನೂ ಹೊಡೆದಳು. ಅವಳು ಮನೆ ಬಿಟ್ಟು ಹೊರಗೆ ಕಣ್ಣು ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇನ್ನು ಉಳಿದಿದ್ದದ್ದು ರಾತ್ರಿ. ಹತ್ತರ ಮೇಲೆ ಬೀದಿ ನಾಯಿಗಳ ಭಜನೆ ಶುರುವಾದರೆ ಬೆಲ್ಲಳೂ ದನಿ ಸೇರಿಸುತ್ತಿದ್ದಳು. ಅವಳ ಹಾಸಿಗೆಯನ್ನು ಬೀದಿ ಬದಿಯ ಹಾಲ್‌ನಿಂದ ಹಿಂದಿನ ರೂಮಿಗೆ ಹಾಕಿದೆವು. ಫ್ಯಾನ್ ಜೋರು ಮಾಡಿದರೆ ಹೊರಗಿನ ಸದ್ದು ಸ್ವಲ್ಪ ಮುಚ್ಚುತ್ತದೆ. ಒಂಬತ್ತೂವರೆಗೆ ಓಣಿಯಲ್ಲಿ ಕೊನೆಯ ಸುತ್ತು. ಅಷ್ಟರಲ್ಲಿ ಎದುರು ಮನೆ ಕಿಟಕಿಯಲ್ಲಿ ದೀಪ ಉರಿಯುತ್ತಿರುತ್ತಿತ್ತು. ಒಂದು ದಿನ ಆ ಹುಡುಗಿ ಕಿಟಕಿ ತೆರೆದು, “ಆಂಟಿ, ಕೆಮಿಸ್ಟ್ರಿ ಓದಿ ಓದಿ ನಂಗೇ ಬೊಗಳೋ ಹಾಗಾಗಿದೆ” ಅಂದಳು. ಆವತ್ತಿನಿಂದ ಕಿಟಕಿ ತೆರೆದೇ ಇತ್ತು.

ಫೆಬ್ರವರಿ ಮೊದಲ ವಾರದ ಸರಾಸರಿ: ದಿನಕ್ಕೆ ಒಂಬತ್ತು. ಐದನೇ ತಾರೀಕು ಬಾಡಿಗೆ ಕಳಿಸಿದೆ. ‘ರಿಸೀವ್ಡ್’ ಅಂತ ಎಂದಿನ ಮೆಸೇಜ್ ಬಂತು. ಅದರ ಕೆಳಗೆ ಇನ್ನೊಂದು ಸಾಲು: ‘ನಾಯಿ ಊರಲ್ಲಿಲ್ಲವೇ?’

ಒಂಬತ್ತನ್ನು ಸೊನ್ನೆ ಮಾಡುವ ಆಸೆ ನಮಗಿಲ್ಲ. ಅಪರಿಚಿತರು ಬಾಗಿಲು ತಟ್ಟಿದರೆ ಎರಡು ಸಲ ಬೊಗಳಲಿ, ಅದು ಅವಳ ಮನೆಯೂ ಹೌದು. ಗ್ಯಾಸ್ ಸಿಲಿಂಡರ್ ಮೆಟ್ಟಿಲ ಮೇಲೆ ಉರುಳುವ ಸದ್ದನ್ನು ಅವಳಿನ್ನೂ ಕ್ಷಮಿಸಿಲ್ಲ. ಮುಂದೆ ದೀಪಾವಳಿ ಇದೆ. ಅವಳು ನಮ್ಮ ಮನೆಯಲ್ಲಿ ಕಾಣುವ ಮೊದಲ ದೀಪಾವಳಿ. ಈಗಿನಿಂದಲೇ ದಿನಾ ಸಂಜೆ ಊಟದ ಬಟ್ಟಲಿನ ಪಕ್ಕ ಫೋನಿಟ್ಟು ಪಟಾಕಿ ಸದ್ದು ಹಾಕುತ್ತಿದ್ದೇವೆ. ಮೊನ್ನೆ ವಾಲ್ಯೂಮ್ ಎರಡಿತ್ತು, ಇವತ್ತು ಮೂರು.